ಗಂಜಿ ಕುಡಿದರೂ ಶುಗರ್ ಯಾಕೆ ಏರುತ್ತದೆ?

ಮಂಗಳೂರಿನ ಕಡೆ ಯಾರಿಗಾದರೂ ಆಪರೇಷನ್ ಆದರೆ ಮನೆಯಲ್ಲಿ ಎರಡು ನಿಯಮ ತಾನಾಗಿ ಶುರುವಾಗುತ್ತವೆ. ಮೂರು ಹೊತ್ತೂ ಕುಚ್ಚಲಕ್ಕಿ ಗಂಜಿ. ಮೀನು, ಮೊಟ್ಟೆ ನಂಜು, ಹಾಗಾಗಿ ಬಂದ್. ಸಕ್ಕರೆ ಕಾಯಿಲೆ ಇದ್ದವರ ಮನೆಯಲ್ಲಿ ಮೂರನೆಯದೂ ಸೇರುತ್ತದೆ. "ಬರೀ ಗಂಜಿ ಅಲ್ವಾ ಡಾಕ್ಟ್ರೇ ಕುಡಿಯೋದು, ಮಾತ್ರೆ ಬಿಟ್ಟೆವು." ಸರ್ಜನ್ ಆಗಿ ನನಗೆ ಜಾಸ್ತಿ ತಲೆನೋವು ಇದರದ್ದೇ.

ಊಟ ಕಡಿಮೆ ಮಾಡಿದರೂ ಆಪರೇಷನ್ ಆದವರಲ್ಲಿ ಶುಗರ್ ಏರುತ್ತದೆ. ಗಾಯಕ್ಕೆ, ನೋವಿಗೆ ದೇಹ ಅಡ್ರಿನಲಿನ್, ಕಾರ್ಟಿಸೋಲ್ ಹೊರಬಿಡುತ್ತದೆ. ಅವು ಲಿವರ್‌ನಿಂದ ಸಕ್ಕರೆಯನ್ನು ರಕ್ತಕ್ಕೆ ಬಿಡಿಸುತ್ತವೆ, ಇನ್ಸುಲಿನ್‌ನ ಕೆಲಸಕ್ಕೂ ಅಡ್ಡ ಬರುತ್ತವೆ. ಶುಗರ್ ಹೆಚ್ಚೇ ಉಳಿದರೆ ಬ್ಯಾಕ್ಟೀರಿಯಾ ಕೊಲ್ಲಬೇಕಾದ ಬಿಳಿ ರಕ್ತಕಣಗಳು ಮಂಕಾಗುತ್ತವೆ. ಗಾಯ ಕೂಡಿಸುವ ಕೊಲಾಜನ್ ಸರಿಯಾಗಿ ಆಗುವುದಿಲ್ಲ. ಹೊಲಿಗೆ ಬಿಚ್ಚುವ ದಿನ ಕೀವು ಕಾಣುತ್ತದೆ. ವಾರ್ಡಿನಲ್ಲಿ ಶುಗರನ್ನು 100ರಿಂದ 180ರ ಒಳಗೆ ಇಡಲು ನಾವು ಒದ್ದಾಡುವುದು ಇದಕ್ಕೇ. ಅದಕ್ಕಿಂತ ಬಿಗಿ ಮಾಡಲು ಹೋದರೆ ಲೋ ಶುಗರ್‌ನ ಅಪಾಯ.

ಗಂಜಿಗೆ ನನ್ನ ತಕರಾರಿಲ್ಲ. ಆದರೆ ಅದೂ ಅಕ್ಕಿಯೇ ಅಲ್ವಾ? ಗಾಯ ಒಣಗಲು ಪ್ರೋಟೀನ್ ಬೇಕು. ನಂಜಿನ ವಿಷಯದಲ್ಲಿ ಅಜ್ಜಿಯಂದಿರ ಜೊತೆ ವಾದ ಮಾಡಿ ಗೆಲ್ಲುವುದು ಕಷ್ಟ. ಆದರೂ ಹೇಳುತ್ತೇನೆ, ಜೀರ್ಣವಾಗುವಂತಾದ ಮೇಲೆ ಬಂಗುಡೆ ಪುಳಿಮುಂಚಿ ತಿಂದರೆ ಗಾಯ ಕೀವಾಗುವುದಿಲ್ಲ. ಮೀನು ತಿನ್ನದವರು ಗಂಜಿಗೆ ಹೆಸರುಕಾಳು ಹಾಕಿ. ಕಿಡ್ನಿ ತೊಂದರೆ ಇರುವವರು ಮಾತ್ರ ಮೊದಲು ಕೇಳಿಕೊಳ್ಳಿ.

ಆಪರೇಷನ್‌ಗೆ ಮೊದಲಿನ ತಯಾರಿಯೂ ಇದೆ. ತುರ್ತಿಲ್ಲದಿದ್ದರೆ ಎಚ್‌ಬಿಎ1ಸಿ (ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) 8ಕ್ಕಿಂತ ಕೆಳಗೆ ಬರಲಿ ಅಂತ ಕಾಯುತ್ತೇವೆ. ಅದು ಎರಡು ಮೂರು ತಿಂಗಳ ಲೆಕ್ಕ. ಹಿಂದಿನ ರಾತ್ರಿ ಉಪವಾಸ ಮಾಡಿ ಇಳಿಸಲು ಆಗುವುದಿಲ್ಲ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳನ್ನು 3 ದಿನ ಮೊದಲೇ ನಿಲ್ಲಿಸಬೇಕು. ಇಲ್ಲದಿದ್ದರೆ ಶುಗರ್ ಅಷ್ಟೇನೂ ಏರದೆಯೇ ಕೀಟೋಅಸಿಡೋಸಿಸ್ (ರಕ್ತದಲ್ಲಿ ಆಮ್ಲ ಹೆಚ್ಚುವ ಅಪಾಯದ ಸ್ಥಿತಿ) ಆಗಬಹುದು. ಮೆಟ್‌ಫಾರ್ಮಿನ್ ಸಾಮಾನ್ಯವಾಗಿ ಆಪರೇಷನ್ ದಿನ ಮಾತ್ರ ಬೇಡ. ದಿನಕ್ಕೊಮ್ಮೆಯ ಇನ್ಸುಲಿನ್ ಪೂರ್ತಿ ನಿಲ್ಲಿಸುವುದಿಲ್ಲ, ಸ್ವಲ್ಪ ಇಳಿಸುತ್ತೇವೆ. ಒಂದೇ ಮಾತ್ರೆಯಲ್ಲಿ ಎರಡು ಮೂರು ಔಷಧಿ ಇರುವುದುಂಟು. "ಬೆಳಿಗ್ಗೆಯ ಬಿಳಿ ಮಾತ್ರೆ" ಅಂದರೆ ನಮಗೆ ಗೊತ್ತಾಗದು, ಸ್ಟ್ರಿಪ್ಪೇ ತನ್ನಿ.

ಮನೆಗೆ ಹೋದ ಮೇಲೆ ಗ್ಲುಕೋಮೀಟರ್‌ನಲ್ಲಿ ದಿನಾ ನೋಡಿ ಬರೆದಿಡಿ. ನಿಜಕ್ಕೂ ಊಟ ಸೇರದಿದ್ದರೆ, ವಾಂತಿ ಇದ್ದರೆ ಎಂದಿನ ಮಾತ್ರೆ ಸುಮ್ನೆ ನುಂಗಬೇಡಿ. ಗ್ಲಿಮೆಪಿರೈಡ್‌ನಂಥವು ಶುಗರನ್ನು ತೀರಾ ಇಳಿಸಿಬಿಡುತ್ತವೆ. ಬಿಡುವುದೋ ತಗೊಳ್ಳುವುದೋ ಅಂತ ಅವತ್ತೇ ಫೋನ್ ಮಾಡಿ ಕೇಳಿ.