ಗ್ರ್ಯಾಂಡ್ ಪಿಯಾನೊ ಕೊಳ್ಳುವ ಮುನ್ನ ಬಿರಡೆ ನೋಡಿ

ಮುಂಬಯಿಯ ಮಾಟುಂಗದಲ್ಲಿರುವ ನನ್ನ ಸ್ನೇಹಿತರೊಬ್ಬರು ಮಗಳಿಗಾಗಿ ಹಳೆಯ ಗ್ರ್ಯಾಂಡ್ ಪಿಯಾನೊ ಕೊಳ್ಳಲು ಹೊರಟಾಗ ನಾನೂ ಜೊತೆಗಿದ್ದೆ. ಅದು ಆಗಸ್ಟ್ ತಿಂಗಳು. ಕನ್ನಡಿಯಂತೆ ಹೊಳೆಯುವ ಮುಚ್ಚಳವನ್ನು ಸವರುತ್ತ ಮಾರುವವರು, "ನೂರು ವರ್ಷದ ಮರ, ಹಳತಾದಷ್ಟೂ ನಾದ ಹೆಚ್ಚು" ಎಂದರು. ಪಿಯಾನೊ ವಿಷಯದಲ್ಲಿ ಇದು ತಪ್ಪು ತಿಳಿವಳಿಕೆ. ಮುಂಬಯಿಯಲ್ಲಂತೂ ಬಹಳ ದುಬಾರಿಯಾದದ್ದು.

ಪಿಯಾನೊದಲ್ಲಿ ಸುಮಾರು 230 ತಂತಿಗಳಿದ್ದು, ಅವುಗಳ ಒಟ್ಟು ಎಳೆತ 18ರಿಂದ 20 ಟನ್ನಿನಷ್ಟಿರುತ್ತದೆ. 1700ರ ಸುಮಾರಿಗೆ ಫ್ಲಾರೆನ್ಸಿನಲ್ಲಿ ಬಾರ್ತೊಲೊಮಿಯೊ ಕ್ರಿಸ್ತೊಫೊರಿ ಕಟ್ಟಿದ ಮೊದಲ ಪಿಯಾನೊಗಳಲ್ಲಿ ತಂತಿಗಳು ತೆಳುವಾಗಿದ್ದು, ಮರದ ಚೌಕಟ್ಟೇ ಎಳೆತವನ್ನು ತಾಳುತ್ತಿತ್ತು. 1825ರಲ್ಲಿ ಬಾಸ್ಟನ್ನಿನ ಆಲ್ಫಿಯಸ್ ಬ್ಯಾಬ್‌ಕಾಕ್ ಒಂದೇ ಎರಕದ ಕಬ್ಬಿಣದ ಚೌಕಟ್ಟಿಗೆ ಪೇಟೆಂಟ್ ಪಡೆದರು. ಕ್ರಮೇಣ ಆ ಭಾರ ಕಬ್ಬಿಣದ ಪಾಲಾಯಿತು. ಆದರೆ ಶ್ರುತಿ ಹಿಡಿಯುವ ಉಕ್ಕಿನ ಬಿರಡೆಗಳು ಇಂದಿಗೂ ಮರದಲ್ಲೇ ನಾಟಿಕೊಂಡಿವೆ. ವೀಣೆಯ ಬಿರಡೆಯಂತೆಯೇ ಅವನ್ನು ಹಿಡಿದಿರುವುದು ಘರ್ಷಣೆಯೊಂದೇ.

ಸಡಿಲವಾದ ಕೊಡಲಿಯ ಕಾವನ್ನು ನಮ್ಮ ಹಳ್ಳಿಗಳಲ್ಲಿ ನೀರಿನಲ್ಲಿ ನೆನೆಸಿಡುತ್ತಾರೆ. ಮರ ಉಬ್ಬಿ ಬಿಗಿಯಾಗುತ್ತದೆ. ಆದರೆ ಒಣಗಿದ ಮೇಲೆ ಕಾವು ಮೊದಲಿಗಿಂತಲೂ ಸಡಿಲ. ಉಬ್ಬಲು ಜಾಗವಿಲ್ಲದ ಮರ ಕಬ್ಬಿಣಕ್ಕೆ ಒತ್ತಿಕೊಂಡಾಗ ಅದರ ನಾರುಗಳೇ ಜಜ್ಜಿಹೋಗುತ್ತವೆ, ಒಣಗಿದಾಗ ಹಳೆಯ ಆಕಾರಕ್ಕೆ ಮರಳುವುದಿಲ್ಲ. ಪಿಯಾನೊದ ಬಿರಡೆ ರಂಧ್ರದಲ್ಲಿ ನಡೆಯುವುದೂ ಇದೇ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 45ರಷ್ಟಿದ್ದಾಗ ಮರದ ತೇವಾಂಶ ಅದರ ಒಣತೂಕದ ಶೇ. 8–9ರಷ್ಟಿರುತ್ತದೆ, ಶೇ. 85ರ ಗಾಳಿಯಲ್ಲಿ ವಾರಗಟ್ಟಲೆ ಇದ್ದರೆ ಶೇ. 18ರ ಹತ್ತಿರ ಹೋಗುತ್ತದೆ. ಜುಲೈ ತಿಂಗಳಲ್ಲಿ ನಮ್ಮ ಮನೆಯ ಬಾಗಿಲುಗಳು ಚೌಕಟ್ಟಿಗೆ ಕಚ್ಚಿಕೊಳ್ಳುವುದೂ ಇದರಿಂದಲೇ. ಹಲವು ದಶಕಗಳ ಮಳೆಗಾಲವನ್ನು ಇಲ್ಲೇ ಕಳೆದ ಪಿಯಾನೊ ಎಂದರೆ ಅಷ್ಟೇ ಬಾರಿ ನೆನೆಸಿ ಒಣಗಿಸಿದ ಕೊಡಲಿ.

ತಂತಿಯ ಕಂಪನವನ್ನು ದೊಡ್ಡ ನಾದವಾಗಿಸುವ ಸ್ಪ್ರೂಸ್ ಮರದ ಹಲಗೆ, ಅಂದರೆ ನಾದಫಲಕಕ್ಕೂ ಇದೇ ಕಾಟ. ಅದು ನಡುವೆ ಸ್ವಲ್ಪ ಮೇಲಕ್ಕೆ ಬಾಗಿಕೊಂಡಿರಬೇಕು. ಕೆಳಗೆ ಬಗ್ಗಿ, ಫಲಕದ ಅಡಿಯಲ್ಲಿ ಅಂಚಿನಿಂದ ಅಂಚಿಗೆ ದಾರವೊಂದನ್ನು ಬಿಗಿಯಾಗಿ ಹಿಡಿದರೆ ನಡುವೆ ಕೊಂಚ ಸಂದು ಕಾಣಬೇಕು. ಉದ್ದದ ಬಗ್ಗೆಯೂ ಒಂದು ಮಾತು: ಗಿಡ್ಡ, ದಪ್ಪ ತಂತಿ ಸರಳಿನಂತೆ ಸೆಟೆದುಕೊಳ್ಳುವುದರಿಂದ ಅದರ ಉಪಸ್ವರಗಳು (ಮೂಲ ಸ್ವರದ ಜೊತೆಗೇ ಹೊಮ್ಮುವ ಮೇಲಿನ ಸ್ವರಗಳು) ಶ್ರುತಿಯಿಂದ ಮೇಲಕ್ಕೆ ಸರಿಯುತ್ತವೆ. ಹಾಗಾಗಿ 150 ಸೆಂ.ಮೀ. ಉದ್ದದ ಗ್ರ್ಯಾಂಡ್‌ಗಿಂತ ತಂತಿಗಳು ನೆಟ್ಟಗೆ ನಿಂತಿರುವ, ಒಳ್ಳೆಯ ಎತ್ತರದ ಅಪ್‌ರೈಟ್ ಪಿಯಾನೊದ ಮಂದ್ರವೇ ಎಷ್ಟೋ ಸಲ ಸ್ವಚ್ಛವಾಗಿರುತ್ತದೆ.

ಅಂದು ಶ್ರುತಿ ಮಾಡುವವರು ಲಿವರ್ ಹಾಕಿ ತಿರುಗಿಸಿದಾಗ ಬಿರಡೆಗಳೆಲ್ಲ ಬಿಗಿಯಾಗಿಯೇ ಇದ್ದವು. ಆದರೆ ಆಗಸ್ಟ್‌ನ ಬಿಗಿತ ನೆನೆದ ಕಾವಿನ ಬಿಗಿತವಲ್ಲವೇ? ಒಣಹವೆ ಬರುವವರೆಗೆ ತಡೆಯಿರೆಂದು ಸ್ನೇಹಿತರನ್ನು ಒಪ್ಪಿಸಿದೆ. ಫೆಬ್ರವರಿಯಲ್ಲಿ ಅದೇ ಲಿವರ್ ಹಾಕಿದಾಗ ಮಂದ್ರದ ಏಳು ಬಿರಡೆಗಳು ಬೆರಳ ತುದಿಯ ಬಲಕ್ಕೇ ತಿರುಗಿದವು, ಕೈಬಿಟ್ಟೊಡನೆ ತಂತಿ ಇಳಿಯಿತು.