ಅಗ್ಗದ ಹೊತ್ತು, ಶುದ್ಧ ಹೊತ್ತು

ಚಾವಣಿಯ ಮೇಲೆ ಸೌರ ಫಲಕ, ನೆಲಮಾಳಿಗೆಯಲ್ಲಿ ಬ್ಯಾಟರಿ, ಕಾಂಪೌಂಡಿನ ಮೂಲೆಯಲ್ಲಿ 125 ಕೆವಿಎ (ಅಂದರೆ ಸುಮಾರು 100 ಕಿಲೋವಾಟ್) ಡೀಸೆಲ್ ಜನರೇಟರು, ಜೊತೆಗೆ ಬೆಸ್ಕಾಂ ಲೈನು. ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟಿಗೆ ಕರೆಂಟು ಹೀಗೆ ನಾಲ್ಕು ದಾರಿಯಲ್ಲಿ ಸಿಗುವುದುಂಟು. ಯಾವ ಹೊತ್ತಿಗೆ ಯಾವುದೆಂದು ಬಿಲ್ ಒಂದನ್ನೇ ನೋಡಿ ತೀರ್ಮಾನಿಸಿದರೆ ಇಂಗಾಲದ ಲೆಕ್ಕ ತಪ್ಪುತ್ತದೆ.

ಬ್ಯಾಟರಿಗೆ 100 ಯೂನಿಟ್ ತುಂಬಿದರೆ ವಾಪಸ್ ಬರುವುದು ಸುಮಾರು 88. ರಾತ್ರಿ ದರ ಕಡಿಮೆಯಿದೆಯೆಂದು ಆಗ ತುಂಬಿ, ಮರುದಿನ ಸಂಜೆಯ ದುಬಾರಿ ಹೊತ್ತಿಗೆ ಬಳಸಿದರೆ ಹಣ ಉಳಿಯುತ್ತದೆ. ಆದರೆ ಎರಡೂ ಹೊತ್ತಿನಲ್ಲಿ ಹೆಚ್ಚುವರಿ ಬೇಡಿಕೆ ಪೂರೈಸುವುದು ಕಲ್ಲಿದ್ದಲು ಸ್ಥಾವರವೇ ಆಗಿದ್ದರೆ? ಅದರ ಯೂನಿಟ್ಟಿಗೆ ಸುಮಾರು 0.95 ಕೆಜಿ ಇಂಗಾಲದ ಡೈಆಕ್ಸೈಡ್. ತುಂಬಿದಾಗ 95 ಕೆಜಿ ಸೇರಿತು, ಸಂಜೆ ತಪ್ಪಿದ್ದು 83.6 ಕೆಜಿ. ಬಿಲ್ ಇಳಿಯಿತು, ಇಂಗಾಲ 11 ಕೆಜಿ ಏರಿತು. ದೇಶದ ಸರಾಸರಿಯಾದ ಸುಮಾರು 0.7 ಕೆಜಿಯನ್ನು ಹಿಡಿದು ಕೂತರೆ ಈ ಏರಿಕೆ ನಿಜಕ್ಕಿಂತ ಕಡಿಮೆ ಕಾಣುತ್ತದೆ. ಬೇಕಾದದ್ದು ಆ ಗಳಿಗೆಯಲ್ಲಿ ಯಾವ ಸ್ಥಾವರ ತನ್ನ ಉತ್ಪಾದನೆ ಏರಿಸುತ್ತದೆ ಎಂಬ ಮಾಹಿತಿ. ಮಧ್ಯಾಹ್ನ ವ್ಯರ್ಥವಾಗಲಿದ್ದ ಸೌರ ವಿದ್ಯುತ್ತನ್ನು ತುಂಬಿಟ್ಟರೆ ಮಾತ್ರ ಬ್ಯಾಟರಿ ನಿಜಕ್ಕೂ ಶುದ್ಧ.

ಜನರೇಟರಿನ ಕಥೆ ಬೇರೆ. ಒಂದು ಲೀಟರ್ ಡೀಸೆಲ್ ಉರಿದರೆ 2.68 ಕೆಜಿ ಇಂಗಾಲದ ಡೈಆಕ್ಸೈಡ್. 75 ಕಿಲೋವಾಟ್ ಹೊರೆಯಲ್ಲಿ ಗಂಟೆಗೆ ಸುಮಾರು 21 ಲೀಟರ್ ಕುಡಿಯುವ ಯಂತ್ರ, 25 ಕಿಲೋವಾಟ್‌ನಲ್ಲೂ ಒಂಬತ್ತೂವರೆ ಲೀಟರ್ ಕುಡಿಯುತ್ತದೆ. ಅಂದರೆ ಯೂನಿಟ್ಟಿಗೆ 0.75 ಕೆಜಿ ಇದ್ದದ್ದು ಒಂದು ಕೆಜಿ ದಾಟುತ್ತದೆ. ನಡುರಾತ್ರಿ ಕರೆಂಟು ಹೋದಾಗ ಲಿಫ್ಟು, ದೀಪಗಳ ಸಣ್ಣ ಹೊರೆಯನ್ನು ಸೌರ ವಿದ್ಯುತ್ತಿನಿಂದ ತುಂಬಿದ ಬ್ಯಾಟರಿಗೆ ಬಿಟ್ಟರೆ ಹಣ, ಇಂಗಾಲ ಎರಡೂ ಉಳಿಯುತ್ತವೆ.

ಹಗಲಿನಲ್ಲಿ ಜನರೇಟರಿನ ಜೊತೆ ಸೌರವನ್ನು ಓಡಿಸುವಾಗ ದುರಾಸೆ ಕೂಡದು. ಜನರೇಟರಿನ ಹೊರೆ ಅದರ ಸಾಮರ್ಥ್ಯದ 30 ಶೇಕಡಕ್ಕಿಂತ ಇಳಿದು ಹಾಗೇ ಓಡುತ್ತಿದ್ದರೆ ಅರೆಬರೆ ಉರಿದ ಇಂಧನ ಹೊಗೆಕೊಳವೆಯಲ್ಲಿ ಜಿಡ್ಡಾಗಿ ಕೂರುತ್ತದೆ. ಸೌರ ಇನ್ನೂ ಹೆಚ್ಚಾದರೆ ವಿದ್ಯುತ್ ಜನರೇಟರಿನತ್ತ ಹಿಂದಕ್ಕೆ ನುಗ್ಗಿ, ಅದನ್ನು ಕಾಯುವ ಸ್ವಿಚ್ಚಾದ ರಿಲೇ ಟ್ರಿಪ್ ಆಗುತ್ತದೆ, ಕಟ್ಟಡವೆಲ್ಲ ಕತ್ತಲು. 100 ಕಿಲೋವಾಟ್ ಯಂತ್ರದ ಪಾಲಿಗೆ ಕನಿಷ್ಠ 30 ಕಿಲೋವಾಟ್ ಉಳಿಯುವಂತೆ ಸೌರ ಫಲಕಗಳ ಇನ್ವರ್ಟರನ್ನು ತಗ್ಗಿಸುವ ಕಂಟ್ರೋಲರ್ ಬೇಕೇ ಬೇಕು.

ಇಷ್ಟನ್ನೂ ಹೊಂದಿಸಲು ಎಂಜಿನಿಯರುಗಳು ಮೊದಲು ಇಂಗಾಲದ ಮಿತಿಯಿಲ್ಲದೆ, ವರ್ಷದ 8,760 ಗಂಟೆಗೂ ಅತಿ ಅಗ್ಗದ ಯೋಜನೆ ಹಾಕುತ್ತಾರೆ. ಆಮೇಲೆ ಇಂಗಾಲ 10 ಶೇಕಡ, 20 ಶೇಕಡ ಇಳಿಯಬೇಕೆಂದು ಮಿತಿಯನ್ನು ಬಿಗಿ ಮಾಡುತ್ತ, ಪ್ರತಿ ಸಲ ಖರ್ಚು ಎಷ್ಟು ಏರಿತೆಂದು ಗುರುತಿಸುತ್ತಾರೆ. ಸಾಮಾನ್ಯವಾಗಿ ಮೊದಮೊದಲು ಖರ್ಚಿನ ರೇಖೆ ಚಪ್ಪಟೆ, ಕೊನೆಗೆ ಗೋಡೆ ಹತ್ತಿದಂತೆ ಏರುತ್ತದೆ. ಜುಲೈನ ಮೋಡ ಮುಸುಕಿದ ಕೆಲವೇ ದಿನಗಳಿಗೆಂದು ಕೊಂಡ ಬ್ಯಾಟರಿ, ಉಳಿದ ತಿಂಗಳುಗಳಲ್ಲಿ ಕೆಲಸವಿಲ್ಲದೆ ನಿಂತಿರುತ್ತದಲ್ಲ!