ಮೇಜಿನ ಎತ್ತರದ ಕಾಫಿ ಪಾತಿ

ನಲವತ್ತು ವಿದ್ಯಾರ್ಥಿಗಳು ಬಸ್ಸಿನಲ್ಲಿ ಹಿರಿಯರ ನಿವಾಸಕ್ಕೆ ಬಂದು, ಹಣ್ಣು ಹಂಚಿ, ಎರಡು ಹಾಡು ಹೇಳಿ, ಫೋಟೊ ತೆಗೆದುಕೊಂಡು ಹೊರಟರೆ ಯಾರ ಹೆಸರೂ ಯಾರಿಗೂ ನೆನಪುಳಿಯುವುದಿಲ್ಲ. ಕೊಡುವವರೇ ಒಂದು ಕಡೆ, ಪಡೆಯುವವರೇ ಇನ್ನೊಂದು ಕಡೆ. ಎರಡು ಗುಂಪುಗಳ ನಡುವಿನ ಪೂರ್ವಗ್ರಹ ಕರಗಲು ಸಮಾನ ಸ್ಥಾನ, ಒಂದೇ ಗುರಿ, ಸಹಕಾರ, ಸಂಸ್ಥೆಯ ಬೆಂಬಲ ಬೇಕೆಂದು ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ವಾದಿಸಿದ್ದರು. ಹಾಗಾಗಿ ಮೊದಲು ಹಿರಿಯರೂ ಹುಡುಗರೂ ಸೇರಿ ಮಾಡುವ ಕೆಲಸ ಹುಡುಕಬೇಕು. ಮಾತು ಅದರ ಬೆನ್ನಿಗೇ ಬರುತ್ತದೆ.

ಕೊಡಗಿನಲ್ಲಿ ಅಂಥ ಕೆಲಸಕ್ಕೆ ದೂರ ಹೋಗಬೇಕಿಲ್ಲ, ಕಾಫಿ ಸಸಿ ಮಾಡಿದರಾಯಿತು. ಡಿಸೆಂಬರ್–ಜನವರಿಯಲ್ಲಿ ಹಾಕಿದ ಬೀಜ ಮೊಳೆಯಲು ಸುಮಾರು 45 ದಿನ ಬೇಕು. ಆರೇಳು ವಾರ ಮತ್ತೆ ಮತ್ತೆ ಬರಲು ಕಾರಣ ತಾನಾಗಿ ಸಿಕ್ಕಿತು. ಬೀಜದ ಚಪ್ಪಟೆ ಮುಖ ಕೆಳಗೆ ಬರುವಂತೆ 1.5ರಿಂದ 2.5 ಸೆಂ.ಮೀ. ಅಂತರದಲ್ಲಿ ಇಟ್ಟು, ತೆಳುವಾಗಿ ಮಣ್ಣು ಮುಚ್ಚಿ, ಸುಮಾರು 5 ಸೆಂ.ಮೀ. ದಪ್ಪ ಭತ್ತದ ಹುಲ್ಲು ಹರಡಬೇಕು. ಮೊಳಕೆಯನ್ನು ಮುಂದೆ ಬದಲಿಸುವ ಚೀಲಕ್ಕೆ ಕಾಡುಮಣ್ಣು 6, ಕೊಟ್ಟಿಗೆ ಗೊಬ್ಬರ 2, ಮರಳು 1 ಪಾಲು. ತೇವ ಸಾಕೇ ಎಂಬುದನ್ನು ತೋಟದಲ್ಲಿ ಬಾಳಿದ ಹಿರಿಯರು ಮಣ್ಣನ್ನು ಮುಷ್ಟಿಯಲ್ಲಿ ಹಿಡಿದೇ ಹೇಳಬಲ್ಲರು. ಆ ತೀರ್ಮಾನ ಅವರದೇ ಆಗಿರಲಿ; ಗೊಬ್ಬರ ಹೊರುವುದು, ದಿನಾಂಕ ಬರೆದಿಡುವುದು ಹುಡುಗರ ಪಾಲಿಗಿರಲಿ.

ಪಾತಿ ನೆಲದ ಮೇಲಿದ್ದರೆ ಬಗ್ಗಲಾಗದವರು ನೋಡುತ್ತ ಕೂರುತ್ತಾರೆ, ಮತ್ತೆ ಬರೀ ಅತಿಥಿಗಳಾಗುತ್ತಾರೆ. ಟ್ರೇಗಳನ್ನು ಊಟದ ಮೇಜಿನ ಎತ್ತರಕ್ಕಿಟ್ಟು, ಗಾಲಿಕುರ್ಚಿಯಲ್ಲಿ ಕೂತವರ ಮೊಣಕಾಲು ಕೆಳಗೆ ಹೋಗುವಷ್ಟು ಜಾಗ ಬಿಡಿ. ವಯಸ್ಸಾದ ಚರ್ಮ ಬೇಗ ಹರಿಯುತ್ತದೆ, ಆದ್ದರಿಂದ ಕೈಗವಸು ಬೇಕೇ ಬೇಕು. ಗೊಬ್ಬರಕ್ಕೆ ಮೊದಲೇ ನೀರು ಚಿಮುಕಿಸಿದರೆ ದೂಳು ಏಳದು.

ಹೆಚ್ಚು ಎಡವುವುದು ಮಾತಿನಲ್ಲಿ. ವಯಸ್ಸಿನ ಕಿವುಡು ಮೊದಲು ಕಸಿಯುವುದು ಕೀಚಲು ಸದ್ದುಗಳನ್ನು. ಸ, ಶ, ತ ಮಸುಕಾಗುತ್ತವೆ, ಸ್ವರಗಳು ಉಳಿಯುತ್ತವೆ. ಕೂಗಿದರೆ ಆ ಸ್ವರವೇ ದೊಡ್ಡದಾಗುತ್ತದೆ, ವ್ಯಂಜನ ತಿಳಿಯಾಗದು. ತುಟಿ ಕಾಣುವಂತೆ ಬೆಳಕಿಗೆ ಮುಖಮಾಡಿ, ಒಂದು ಮೀಟರ್ ದೂರದಲ್ಲಿ ಕೂತು ನಿಧಾನವಾಗಿ ಮಾತಾಡಬೇಕು. ಜೂನ್–ಆಗಸ್ಟ್‌ನಲ್ಲಿ ಶೀಟಿನ ಮಾಡಿನ ಮೇಲೆ ಮಳೆ ಹೊಡೆಯುವಾಗ ಇದು ಆಗದ ಮಾತು.

ವಾರಕ್ಕೊಮ್ಮೆ, ಅದೇ ದಿನ, ಒಂದು ಗಂಟೆ, ಒಬ್ಬ ಹಿರಿಯರು–ಒಬ್ಬ ವಿದ್ಯಾರ್ಥಿಯ ಅದೇ ಜೋಡಿ. ಎಂಟು ಜೋಡಿ ಸಾಕು. ಪರೀಕ್ಷೆ ಹತ್ತಿರವಾದಂತೆ ಹುಡುಗರು ಹೇಳದೆ ಬರುವುದನ್ನೇ ನಿಲ್ಲಿಸಿಬಿಡುತ್ತಾರೆ. ಬಾಗಿಲು ನೋಡುತ್ತ ಕೂತವರಿಗೆ ಅದು ಬಹಳ ನೋಯುತ್ತದೆ. ಬಿಡುವಿನ ವಾರಗಳನ್ನೂ ಕೊನೆಯ ದಿನವನ್ನೂ ಮೊದಲ ದಿನವೇ ಇಬ್ಬರ ಕ್ಯಾಲೆಂಡರಿನಲ್ಲೂ ಗುರುತು ಹಾಕಿ.

ಮೊಳಕೆ ಬೀಜವನ್ನೇ ಟೋಪಿಯಂತೆ ತಲೆಯ ಮೇಲೆ ಹೊತ್ತು ನಿಂತಾಗ ಚೀಲಕ್ಕೆ ಬದಲಿಸುವ ಹೊತ್ತು. ತಾಯಿಬೇರು ಮಡಚಿದರೆ ಗಿಡ ಏಳುವುದಿಲ್ಲ. ಕೈ ನಡುಗಿದರೆ ಮೊಣಕೈಯನ್ನು ಮೇಜಿಗೆ ಊರಿ ಹಿರಿಯರು ಸಸಿಯನ್ನು ನೆಟ್ಟಗೆ ಹಿಡಿಯಲಿ, ಕಿರಿಯರು ಸುತ್ತ ಮಣ್ಣು ತುಂಬಲಿ.